ಮೂರನೇ ಮಹಡಿಯ ಸರ್ವರ್ ಮಾವ

ಅಂಕಿಅಂಶ ವಿಭಾಗದ ಹಿರಿಯರು ನಮ್ಮ ಆಫೀಸಿಗೆಲ್ಲ ಸರ್ವರ್ ಮಾವ. ಹಿಂದೆ ಒಂದು ಸರಾಸರಿ ಬೇಕೆಂದರೂ ಮೂರನೇ ಮಹಡಿ ಹತ್ತಿ ಅವರ ಮೇಜಿನ ಮುಂದೆ ಸಾಲಾಗಿ ನಿಲ್ಲಬೇಕಿತ್ತು. ಲೆಕ್ಕ ಹಾಕುವ ಹಳೇ ಸಾಫ್ಟ್‌ವೇರ್ ಅವರ ಮಾತು ಬಿಟ್ಟು ಇನ್ಯಾರದ್ದೂ ಕೇಳುತ್ತಿರಲಿಲ್ಲ. "ಪ್ರಾಣ ತಿನ್ಬೇಡ್ರಪ್ಪ" ಎಂದು ಗೊಣಗುತ್ತಲೇ ಕೊನೆಗೊಮ್ಮೆ ಅದನ್ನು ಆಫೀಸಿನ ಸರ್ವರ್‌ನೊಳಗೆ ಕೂರಿಸಿ, ಎಲ್ಲರ ಬ್ರೌಸರ್‌ನಲ್ಲೂ ತೆರೆಯುವ ಪುಟ ಮಾಡಿಕೊಟ್ಟರು. ಪುಟವೂ ಅವರಂತೆಯೇ ಗದರುತ್ತದೆ: "ಖಾಲಿ ಫೈಲ್ ಕೊಟ್ರೆ ನಾನೇನು ಮಂತ್ರ ಹಾಕ್ಲಾ?" "ತಾಳ್ರೀ, ಲೆಕ್ಕ ಬೇಯ್ತಾ ಇದೆ!" ಈಗ ಯಾರೂ ಮೇಲೆ ಹತ್ತುವುದಿಲ್ಲ. ಮೊನ್ನೆ ಪುಟದ ಕೆಳಗೆ ಹೊಸ ಬಟನ್ ಕಂಡಿತು: "ಅರ್ಥ ಆಗ್ಲಿಲ್ವಾ? ಮೇಲೆ ಬನ್ನಿ." ನನಗೆಲ್ಲ ಚೆನ್ನಾಗಿಯೇ ಅರ್ಥವಾಗಿತ್ತು. ಆದರೂ ಒತ್ತಿ, ಮೇಲೆ ಹೋದೆ. ಮಾವ ಆಗಲೇ ಎದುರಿನ ಕುರ್ಚಿಯ ಧೂಳು ಒರೆಸುತ್ತಿದ್ದರು: "ನಂಗೊತ್ತಿತ್ತು, ಇದು ನಿಮ್ ತಲೆಗೆ ಹತ್ತಲ್ಲ ಅಂತ!"