ಮೊದಲ ಬಸ್ಸಿನ ಹನ್ನೊಂದು ಫೈಲು

ಬೆಳಗ್ಗೆ ಆರಕ್ಕೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟು ಹತ್ತುತ್ತದೆ. ರೆಕಾರ್ಡ್ ರೂಮಿನ ಅಕ್ಕ ಏಣಿ ಹತ್ತಿ, ಆ ದಿನ ಡಯಾಲಿಸಿಸ್‌ಗೆ ಬರುವವರ ಫೈಲು ಇಳಿಸುತ್ತಾರೆ. ಎಲ್ಲ ವಿಭಾಗ ಸೇರಿ ದಿನಕ್ಕೆ ಮುನ್ನೂರು ಫೈಲು ಅವರ ಕೈ ದಾಟುತ್ತವೆ. ಇಪ್ಪತ್ತಾರು ವರ್ಷದ ಸರ್ವಿಸ್ಸು; ಈಚೆಗೆ ಸೊಂಟ ತಕರಾರು ತೆಗೆಯುತ್ತಿದೆಯಂತೆ.

ಈ ವರ್ಷ ಪ್ರಾದೇಶಿಕ ಆರೋಗ್ಯ ಪ್ರಾಧಿಕಾರವನ್ನು ಇಬ್ಭಾಗ ಮಾಡುವ ಮಸೂದೆ ಬಂತು. ನಡುವೆ ಹರಿಯುವ ಕಾಲುವೆಯ ಈಚೆ, ಈ ಆಸ್ಪತ್ರೆಯ ಕಡೆಗೆ, ಒಂದು; ಆಚೆ ಇನ್ನೊಂದು. ರೋಗಿಯ ಮನೆ ಯಾವ ಕಡೆಯೋ ಫೈಲೂ ಚಿಕಿತ್ಸೆಯೂ ಆ ಕಡೆಗೆ. ಕೇಳೋಕೆ ಎಷ್ಟು ಸಲೀಸು! ಆಚೆ ಡಯಾಲಿಸಿಸ್ ಯಂತ್ರವೇ ಇಲ್ಲ ಅನ್ನೋದು ಬರೆದವರಿಗೆ ಹೊಳೆಯಬೇಡವೇ?

ಹೊಳೆದದ್ದು ಅಕ್ಕನಿಗೆ. ಅವರು ಡಯಾಲಿಸಿಸ್ ಫೈಲುಗಳನ್ನು ಜೋಡಿಸುವುದು ನಂಬರಿನ ಪ್ರಕಾರ ಅಲ್ಲ, ಬಂದ ಕೂಡಲೇ ಸಿಗಲಿ ಅಂತ, ರೋಗಿ ಬರುವ ಬಸ್ಸಿನ ಪ್ರಕಾರ. "ಮೇಲಿನವರು ಎಷ್ಟೋ ಸಲ ಬೈದಿದ್ದಾರೆ. ಬೈಸಿಕೊಂಡೆ, ಬಿಡಲಿಲ್ಲ," ಎಂದು ನಗುತ್ತಾರೆ. ಆಚೆಗೆ ಹೋಗಬೇಕಾದ ಫೈಲುಗಳ ಕರಡು ಪಟ್ಟಿ ಬಂದಾಗ ನೋಡಿದರೆ, ನಸುಕಿನಲ್ಲೇ ಎದ್ದು ಹೊರಟು ಬರುವ ಮೊದಲ ಬಸ್ಸಿನ ಕಟ್ಟಿನಲ್ಲಿದ್ದ ಹನ್ನೊಂದೂ ಜನ ಆಚೆಯವರು. "ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಆಗದಿದ್ರೆ ಅವರು ಉಳೀತಾರಾ?"

"ಕಾನೂನೇ ಬರ್ತಿದೆಯಮ್ಮಾ, ನಾವೇನು ಮಾಡೋಣ," ಎಂದು ಆಡಳಿತಾಧಿಕಾರಿ ಕೈ ತೊಳೆದುಕೊಂಡರು. ಅಕ್ಕ ಮಸೂದೆ ಸಮಿತಿಗೆ ಅರ್ಜಿ ಹಾಕಲು ಹೊರಟರು. "ನೀನೇನು ಶಾಸಕಿಯಾ?" ಎಂದು ರೇಗಿಸಿದ ಗಂಡನೇ ಕೂತು ದುಂಡಗೆ ಬರೆದುಕೊಟ್ಟರು. ವಿಚಾರಣೆಯ ದಿನ ಅಕ್ಕ ರಜೆ ಹಾಕಿ, ಹನ್ನೊಂದು ಜನರಲ್ಲಿ ಹಿರಿಯರಾದ ದರ್ಜಿ ತಾತನನ್ನೂ ಕರೆದುಕೊಂಡು ಹೋದರು. ತಾತ ಅಂಗಿಯ ತೋಳು ಮಡಚಿ ಸೂಜಿಯ ಗುರುತು ತೋರಿಸಿದರು: "ಸ್ವಾಮಿ, ಯಂತ್ರ ಬರೋವರೆಗೂ ನಾನು ಕಾಯ್ತೀನಿ. ಈ ಕಿಡ್ನಿಗೆ ಯಾರು ಹೇಳೋದು?" ಸಮಿತಿಯವರು ಅಕ್ಕನ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡರು.

ಕಳೆದ ವಾರ ಕಾಯ್ದೆ ಪಾಸಾಗಿದೆ, ಹೊಸದೊಂದು ಸಾಲಿನ ಸಮೇತ: ಆಚೆ ಸೌಲಭ್ಯ ಸಿದ್ಧವಾಗುವವರೆಗೆ, ನಡೆಯುತ್ತಿರುವ ಚಿಕಿತ್ಸೆ ಇದ್ದಲ್ಲೇ ಮುಂದುವರಿಯತಕ್ಕದ್ದು. "ಅಬ್ಬಾ! ತಿಂಗಳಾದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ," ಎನ್ನುತ್ತಾರೆ ಅಕ್ಕ. ಕೇಳುತ್ತ ಕೂತ ನನಗೂ ಎದೆಯ ಭಾರ ಇಳಿದಂತಾಗುತ್ತದೆ. ಹನ್ನೊಂದು ಜನರಿಗೂ ಅವರೇ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದಾರೆ.

ಇನ್ನೇನು ಆಸೆ ಅಂತ ಕೇಳುತ್ತೇನೆ. ಅಕ್ಕ ತಡವರಿಸುವುದಿಲ್ಲ.

"ಆಚೆ ಕಡೆಗೂ ಯಂತ್ರ ಬೇಗ ಬರಲಿ. ಆಗ ಆ ಹನ್ನೊಂದು ಫೈಲೂ ನಾನೇ ಕಟ್ಟಿ ಕಳಿಸ್ತೀನಿ. ಪಾಪ, ಬೆಳಗ್ಗೆ ಇನ್ನೊಂದು ಗಂಟೆ ಮಲಗಲಿ ಅವರು."