ಇಪ್ಪತ್ತರ ಕುದುರೆ

ನಮ್ಮ ಮಾವ ಬದುಕಿನಲ್ಲಿ ಒಂದೇ ಸಲ ರೇಸಿಗೆ ಹೋಗಿದ್ದರು. ಭದ್ರಾವತಿಯ ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಬೆಂಗಳೂರಿಗೆ ಟ್ರೇನಿಂಗಿಗೆ ಕಳಿಸಿದರೆ, ಒಂದು ತಿಂಗಳ ಸಂಬಳವನ್ನು ಕುದುರೆಯ ಬಾಲಕ್ಕೆ ಕಟ್ಟಿ ಬರಿಗೈಯಲ್ಲಿ ಬಂದರಂತೆ. ಅತ್ತೆ ಅವರ ಅಂಗೈಯಲ್ಲಿ ಇಷ್ಟಲಿಂಗ ಇರಿಸಿ ಆಣೆ ಮಾಡಿಸಿದರು: ಇನ್ನು ದುಡ್ಡು ಕಟ್ಟಿ ಆಡುವಂತಿಲ್ಲ. ಮಾವ ಆಣೆ ಮುರಿಯಲಿಲ್ಲ. ಆದರೆ ದುಡ್ಡು ಬಿಟ್ಟು ಬೇರೇನೂ ಕಟ್ಟಬಾರದೆಂದು ಯಾರೂ ಹೇಳಿರಲಿಲ್ಲವಲ್ಲ!

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೊಸೆಯಾಗಿ ಹೋಗುವ ಹೊತ್ತಿಗೆ ಅವರು ರಿಟೈರ್ ಆಗಿದ್ದರು. ರೇಸಿನ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಪತ್ರಿಕೆಯಲ್ಲಿ ಬಂದ ಕುದುರೆಗಳ ಪಟ್ಟಿ ಹರಡಿಕೊಂಡು, ಒಂದೊಂದರ ಮುಂದೆಯೂ ಪೆನ್ಸಿಲಿನಲ್ಲಿ ಒಂದು ಅಂಕಿ ಬರೆಯುತ್ತಿದ್ದರು. ಮನೆಯ ಬುಕ್ಕಿ ಅವರೇ. ಪಣವೆಲ್ಲ ಮನೆಗೆಲಸದ್ದು. ನನ್ನ ಗಂಡ ಒಂದು ದಿನ ಪಾತ್ರೆ ತೊಳೆಯುವುದನ್ನು ಕಟ್ಟುತ್ತಿದ್ದರು. ಸೋತರೆ ಅವರು ತೊಳೆಯಬೇಕು, ಗೆದ್ದರೆ ಮಾವ. ಪಾತ್ರೆ ಯಾರು ತೊಳೆದರೂ ಅತ್ತೆಗೆ ಲಾಭವೇ, ಅದಕ್ಕೇ ಅವರು ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದರು.

ನನಗೆ ಆಗ ಬೇಕಾಗಿದ್ದು ಸ್ಕೂಟರ್. ಮಾಚೇನಹಳ್ಳಿಯ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಕೈಗೆ ಬಂದಿತ್ತು. ಬಸ್ಸು ಮೇನ್ ರೋಡಿನಲ್ಲಿ ಇಳಿಸಿ ಹೋದರೆ ಅಲ್ಲಿಂದ ಒಳಗೆ ಎರಡು ಮೈಲಿ. ಗಾಡಿ ಓಡಿಸಲು ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮಾಲೀಕರು ಗಣಪತಿ ಹಬ್ಬದವರೆಗೆ ಕಾಯುವುದಾಗಿ ಹೇಳಿದ್ದರು. ಮಾವನ ಸ್ಕೂಟರ್ ಅಂಗಳದಲ್ಲೇ ನಿಂತಿತ್ತು. ಕಲಿಸಿ ಎಂದಾಗಲೆಲ್ಲ, "ಗೇರಿನ ಗಾಡಿ ಕಣಮ್ಮಾ, ಹೆಣ್ಮಕ್ಳ ಕೈಗೆ ಬಗ್ಗಲ್ಲ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ನಾನೂ ಪಟ್ಟಿಯ ಮುಂದೆ ಕೂತೆ. "ಸೋತ್ರೆ ಒಂದಿನ ನಿಮ್ಮ ಗಾಡಿ ತೊಳೀತೀನಿ ಮಾವ. ಗೆದ್ರೆ ಗಾಡಿ ಕಲಿಸ್ಬೇಕು."

"ಆಗ್ಲಿ. ಕುದುರೆ ಯಾವ್ದು?"

ನನ್ನ ತಂದೆ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿದ್ದವರು. ಹರಾಜಿನಲ್ಲಿ ದೊಡ್ಡ ಅಂಕಿ ಬಿದ್ದದ್ದೇ ಒಳ್ಳೆಯ ಮಾಲು ಎಂದು ಹುಟ್ಟಿದಾಗಿನಿಂದ ನೋಡಿ ಬೆಳೆದವಳು ನಾನು. ಎರಡು, ಮೂರು ಎಂದು ಬರೆಸಿಕೊಂಡ ಕುದುರೆಗಳೆಲ್ಲ ಕಡೆಯ ದರ್ಜೆಯ ಅಡಿಕೆಯಂತೆ ಕಂಡವು. ಒಂದಕ್ಕೆ ಮಾತ್ರ ಇಪ್ಪತ್ತು ಇತ್ತು. ಅದರ ಮೇಲೇ ಬೆರಳಿಟ್ಟೆ.

ಮಾವ ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. "ಅಂಕಿ ದೊಡ್ಡದಾದಷ್ಟೂ ಗೆಲ್ಲೋ ಆಸೆ ಕಮ್ಮಿ ಕಣಮ್ಮಾ. ಎರಡು ಅಂದ್ರೆ ಫೇವರಿಟ್ಟು. ಅದು ಗೆಲ್ಲುತ್ತೆ ಅಂತ ಎಲ್ರಿಗೂ ಗೊತ್ತು, ಅದಕ್ಕೇ ಒಂದಕ್ಕೆ ಎರಡೇ ಕೊಡೋದು. ಇದಕ್ಕೆ ಒಂದಕ್ಕೆ ಇಪ್ಪತ್ತು ಕೊಡ್ತೀನಿ, ಯಾಕಂದ್ರೆ ಇದು ಗೆಲ್ಲಲ್ಲ. ಬೇರೆ ಆರಿಸ್ಕೊ."

ನಾಚಿಕೆಯಾಯಿತು. ಆದರೆ ಬೆರಳು ಎತ್ತಿದರೆ ಇನ್ನೂ ನಾಚಿಕೆ. "ಇರ್ಲಿ ಬಿಡಿ ಮಾವ. ಗೆದ್ರೆ ಇಪ್ಪತ್ತು ದಿನ ಕಲಿಸ್ತೀರಲ್ಲ?"

"ಮಾತು ಅಂದ್ರೆ ಮಾತು."

ಸೋಮವಾರ ಪತ್ರಿಕೆ ಬರುವ ಮೊದಲೇ ಬಕೆಟ್ಟಿಗೆ ನೀರು ತುಂಬಿಸಿಟ್ಟಿದ್ದೆ. ಮಾವ ಫಲಿತಾಂಶ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅತ್ತೆ ಒಳಗಿನಿಂದ ಬಂದು ಪತ್ರಿಕೆ ಕಸಿದುಕೊಂಡರು. ರೇಸಿನ ಪುಟವನ್ನು ಅವರು ಮುಟ್ಟಿದ್ದು ಅದೇ ಮೊದಲು.

"ಇವಳ ಕುದುರೇನೇ ಫಸ್ಟ್ ಬಂದಿದೆಯಲ್ರೀ!"

ನಾನು ಅತ್ತೆಯನ್ನು ತಬ್ಬಿಕೊಂಡು ಕುಣಿದೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕಿರಲೇ ಇಲ್ಲ.

ಇಪ್ಪತ್ತು ಬೆಳಿಗ್ಗೆ ಮಾವ ಮೈದಾನದಲ್ಲಿ ಗಾಡಿಯ ಹಿಂದೆ ಓಡಿದರು. "ಕ್ಲಚ್ಚು ಬಿಡು ಅಂದ್ರೆ ಒಂದೇ ಸಲಕ್ಕೆ ಬಿಡೋದಲ್ಲ ಮಾರಾಯ್ತಿ!" ಒಂಬತ್ತನೆಯ ದಿನ ಬಿದ್ದು ಮೊಣಕಾಲು ತರಚಿಕೊಂಡೆ, ನಾಳೆಯಿಂದ ಬರಲ್ಲ ಎಂದೆ. "ಇನ್ನೂ ಹನ್ನೊಂದು ದಿನ ಕೊಡೋದಿದೆ. ನನ್ನನ್ನ ಮಾತಿಗೆ ತಪ್ಪಿದವನನ್ನಾಗಿ ಮಾಡ್ಬೇಡ" ಎಂದು ಮರುದಿನ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆದರು.

ಲೈಸೆನ್ಸ್ ಪರೀಕ್ಷೆಗೆ ಶಿವಮೊಗ್ಗಕ್ಕೆ ಮಾವ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಅತ್ತೆ ಬಸ್ಸಿನಲ್ಲಿ ಬಂದರು. ನೆಲದ ಮೇಲೆ ಸುಣ್ಣದಲ್ಲಿ ಎಂಟರ ಅಂಕಿ ಎಳೆದಿದ್ದರು, ಕಾಲು ನೆಲಕ್ಕೆ ತಾಗದಂತೆ ಸುತ್ತಬೇಕು. "ಇವತ್ತು ನೀನೇ ಫೇವರಿಟ್ಟು" ಎಂದರು ಮಾವ. ಪಾಪ, ಆ ಕುದುರೆಗಳ ಪಾಡು ನನಗೆ ಆಗ ತಿಳಿಯಿತು. ಸೋಲುತ್ತದೆ ಎಂದುಕೊಂಡದ್ದು ಸೋತರೆ ಯಾರಿಗೂ ಬೇಸರವಿಲ್ಲ. ಎಲ್ಲರೂ ನಂಬಿದ ಮೇಲೆ ಸೋಲುವ ಹಾಗೇ ಇಲ್ಲ.

ಸುತ್ತಿದೆ. ಕಾಲು ತಾಗಲಿಲ್ಲ. ಮಾಚೇನಹಳ್ಳಿಯ ಕೆಲಸ ನನ್ನದಾಯಿತು.

ಅಲ್ಲಿಂದ ವಾಪಸ್ ಹೊರಡುವಾಗ ಮಾವ ಕೀಲಿಗೆ ಕೈ ಚಾಚುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದರು. "ನಾನು ಇವಳ ಜೊತೆ ಬರ್ತೀನಿ. ನೀವು ಬಸ್ಸಿಗೆ ಬನ್ರಿ."

"ಹೆದ್ರಿಕೆ ಆಗಲ್ವೇನೇ?"

"ಮೂವತ್ತು ವರ್ಷ ನಿಮ್ಮ ಹಿಂದೆ ಕೂತಿದ್ದೀನಿ. ಇನ್ನೇನು ಹೆದ್ರಿಕೆ?"

ಮಾಚೇನಹಳ್ಳಿಯ ಹತ್ತಿರ ಮಾವನ ಬಸ್ಸು ನಮ್ಮನ್ನು ದಾಟಿ ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಮಾವ, ರೇಸ್ ಕೋರ್ಸಿನ ಬೇಲಿಗೆ ಒರಗಿ ನಿಂತವರ ಹಾಗೆ, "ಬಾ, ಬಾ, ಬಾ!" ಎಂದು ಕೂಗುತ್ತಿದ್ದರು. ಅತ್ತೆ ನನ್ನ ಭುಜಕ್ಕೆ ಒಂದು ಏಟು ಕೊಟ್ಟರು.

"ನೋಡ್ತಾ ಇದ್ದೀಯಲ್ಲೇ, ಆ ಬಸ್ಸನ್ನ ಹಿಂದೆ ಹಾಕು!"