ಬೆನ್ನಿಗೆ ನಿಂತ ಗುಂಡಕ್ಕ

ವ್ಯಾಯಾಮವೆಂದರೆ ಮೈ ಹುರಿಗೊಂಡ ತರುಣರ ಸೊತ್ತೆಂದು ಭಾವಿಸಿದ್ದ ಕಾಲದಲ್ಲಿ, ದುಡಿದು ದಣಿದ ಮೈಗಳಿಗೂ ಅದರಲ್ಲಿ ಪಾಲುಂಟೆಂದು ತೋರಿಸಿಕೊಟ್ಟ ಕೆಲವೇ ಶಿಕ್ಷಕಿಯರ ಸಾಲಿನಲ್ಲಿ, ಈಗ ಆಸ್ಪತ್ರೆಯ ಸೇವೆಯಿಂದ ನಿವೃತ್ತರಾಗುತ್ತಿರುವ ವ್ಯಾಯಾಮ ಶಿಕ್ಷಕಿಯವರದು ಎದ್ದು ಕಾಣುವ ಸ್ಥಾನ. ಹಿಡಿಕೆಯುಳ್ಳ ಕಬ್ಬಿಣದ ಗುಂಡುಗಳಾದ ಕೆಟಲ್‌ಬೆಲ್‌ಗಳನ್ನು ಆಸ್ಪತ್ರೆಗೆ ಮೊದಲು ತಂದವರು ಅವರೇ ಆದ್ದರಿಂದ, ಎಲ್ಲರ ಬಾಯಲ್ಲೂ ಅವರು ಗುಂಡಕ್ಕ.

ಔಷಧ ಉಗ್ರಾಣದ ಹಿಂದೆ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದ ಕೋಣೆಯನ್ನು ತಾವೇ ಗುಡಿಸಿ, ಸಿಬ್ಬಂದಿಗಾಗಿ ಅವರು ತರಗತಿ ಆರಂಭಿಸಿದರು. ಎಲ್ಲರೂ ವೃತ್ತವಾಗಿ ನಿಲ್ಲಬೇಕು. ಒಬ್ಬರು ಗುಂಡು ಎತ್ತುವಾಗ ಪಕ್ಕದವರು ಕುರ್ಚಿಯಿಂದ ಎದ್ದು ಕೂರಬೇಕು, ಮತ್ತೊಬ್ಬರು ಗೋಡೆಗೆ ಕೈಯೊತ್ತಿ ದಂಡ ಹೊಡೆಯಬೇಕು. ಸೀಟಿ ಊದಿದೊಡನೆ ಪ್ರತಿಯೊಬ್ಬರೂ ಒಂದೊಂದು ಜಾಗ ಮುಂದಕ್ಕೆ. ಶಸ್ತ್ರವೈದ್ಯರೂ ಅಡುಗೆಮನೆಯವರೂ ಅಲ್ಲಿ ಒಟ್ಟಿಗೆ ಏದುಸಿರು ಬಿಟ್ಟರು.

ಆ ವೃತ್ತಕ್ಕೆ ಬಂದವರಲ್ಲಿ ಮೂಳೆ ವಾರ್ಡಿನ ಸಿಸ್ಟರ್ ಒಬ್ಬರು. ಸ್ನಾನದ ಮನೆಯಲ್ಲಿ ಜಾರಿದ ರೋಗಿಯನ್ನು ಹಿಡಿಯಹೋಗಿ ಬೆನ್ನು ಉಳುಕಿಸಿಕೊಂಡಿದ್ದರು. ನೋವು ವಾಸಿಯಾಯಿತೆಂದು ವೈದ್ಯರು ಹೇಳಿದರೂ ಬಗ್ಗಲು ಅವರಿಗೆ ಭಯವಾಗುತ್ತಿತ್ತು. ಭಾರ ಎತ್ತಲಾರದ ದಾದಿಯನ್ನು ವಾರ್ಡಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಚೀಟಿ ಕೊಡುವ ಕಿಟಕಿಗೆ ಹಾಕುತ್ತೇವೆ ಎಂದು ಮೇಲಿನವರು ತಿಳಿಸಿದ್ದರು. ರೋಗಿಗಳ ನಡುವೆಯೇ ವಯಸ್ಸು ಕಳೆದಿದ್ದ ಆಕೆಗೆ ಅದು ಬದುಕೇ ಕೈತಪ್ಪಿದಂತೆ.

ಗುಂಡಕ್ಕ ಅವರಿಗೆ ಬರಿಗೈಯಲ್ಲಿ ಬಗ್ಗಿ ಏಳುವುದನ್ನು ಕಲಿಸಿದರು, ಬಳಿಕ ಚಿಕ್ಕ ಗುಂಡು ಕೊಟ್ಟರು. ಅದು ಕೈಗೆ ಒಗ್ಗುತ್ತಿದ್ದಂತೆ ದೊಡ್ಡದನ್ನು ಕೊಟ್ಟ ದಿನ ಸಿಸ್ಟರ್ ಬೆನ್ನು ಹಿಡಿದುಕೊಂಡಿತು. ಗುಂಡು ನೆಲಕ್ಕೆ ಬಿತ್ತು. ಮನೆಗೆ ಹೋದ ಅವರು ಮರುದಿನ ಬರಲಿಲ್ಲ.

ಸಂಜೆ ಗುಂಡಕ್ಕನೇ ಅವರ ಮನೆಯ ಬಾಗಿಲು ತಟ್ಟಿದರು. ತೆರೆದವರು ಅತ್ತೆ.

"ನನ್ನ ಸೊಸೆಯ ಬೆನ್ನು ಪೂರ್ತಿ ಮುರಿಯೋಕೆ ಬಂದ್ರಾ?"

"ಅವಸರ ಮಾಡಿದ್ದು ನಾನೇ ಅಮ್ಮ. ಇನ್ನೂ ಸ್ವಲ್ಪ ದಿನ ಕಾಯಬೇಕಿತ್ತು. ಅದನ್ನ ಅವಳಿಗೆ ಹೇಳೋಕೆ ಬಂದೆ."

ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದ ಅತ್ತೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಒಳಗೆ ಕರೆದು ಕೂರಿಸಿ, ತಾವೂ ಕುಳಿತರು. ಕಾಫಿ ತರಲು ಅತ್ತೆ ಗೋಡೆ ಹಿಡಿದು, ನರಳುತ್ತ ಮೇಲೇಳುತ್ತಿದ್ದುದನ್ನು ಗುಂಡಕ್ಕ ಗಮನಿಸಿದರು. ಪಾದಗಳನ್ನು ಹಿಂದಕ್ಕೆ ಸರಿಸಿ, ಎದೆಯನ್ನು ಮುಂದೆ ತಂದು ಇನ್ನೊಮ್ಮೆ ಏಳುವಂತೆ ಹೇಳಿದರು. ಅತ್ತೆ ಗೋಡೆ ಮುಟ್ಟದೆ ಎದ್ದು ನಿಂತರು.

"ನೀವು ಅಲ್ಲಿ ಕಲಿಸೋದು ಇದೇನಾ?"

"ಇದೇ."

"ಮತ್ತೆ ಆ ಕಬ್ಬಿಣ ಯಾಕೆ?"

"ಮಂಚದ ಮೇಲಿರೋ ರೋಗಿ ಅದಕ್ಕಿಂತ ಭಾರ ಇರ್ತಾನಲ್ಲ ಅಮ್ಮ."

ಒಳಕೋಣೆಯಲ್ಲಿ ಮಲಗಿದ್ದ ಸಿಸ್ಟರ್‌ಗೆ ಬಹಳ ದಿನಗಳ ಮೇಲೆ ನಗು ಬಂತು.

ಬೆನ್ನು ಸಡಿಲವಾದೊಡನೆ ಸೊಸೆಯನ್ನು ಅತ್ತೆಯೇ ಕರೆತಂದರು, ಕಾವಲಿಗೆಂದು. ಹೊರಗಿನವರಿಗೆ ಪ್ರವೇಶವಿಲ್ಲವೆಂದು ಕಚೇರಿ ತಕರಾರು ತೆಗೆದಾಗ, ಮನೆಯವರ ಬೆಂಬಲವಿಲ್ಲದೆ ಸಿಬ್ಬಂದಿಯ ಆರೋಗ್ಯವಿಲ್ಲವೆಂದು ವಾದಿಸಿ ಗುಂಡಕ್ಕ ಒಪ್ಪಿಗೆ ಪಡೆದರು. ಸಿಬ್ಬಂದಿಯ ಮನೆಯವರೂ ತರಗತಿಗೆ ಬರಬಹುದೆಂಬ, ಇಂದು ಎಷ್ಟೋ ಕುಟುಂಬಗಳು ಅನುಭವಿಸುತ್ತಿರುವ ಸೌಲಭ್ಯ ಹುಟ್ಟಿದ್ದು ಹಾಗೆ. ಕಾವಲಿನ ಅತ್ತೆ ಬೇಗನೆ ವೃತ್ತದಲ್ಲೇ ನಿಂತು, ಸೊಸೆಗಿಂತ ಮೊದಲೇ ಜಾಗ ಬದಲಿಸತೊಡಗಿದರು. ಈ ಬಾರಿ ಭಾರ ಏರಿದ್ದು ನಿಧಾನವಾಗಿ, ಸಿಸ್ಟರ್ ತಾವಾಗಿ ಕೇಳಿದ ಮೇಲೆಯೇ.

ವಾರ್ಡಿನಲ್ಲಿ ಉಳಿಯಬಹುದೇ ಎಂದು ನೋಡುವ ಪರೀಕ್ಷೆಯ ದಿನ ಹಿರಿಯ ದಾದಿಯ ಎದುರು ಸಿಸ್ಟರ್ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಇಳಿಸಬೇಕಿತ್ತು. ಮೊಣಕಾಲು ಮಡಿಸಿ, ರೋಗಿಯನ್ನು ಎದೆಗೆ ಹತ್ತಿರ ತಂದು, ಉಸಿರು ಬಿಡುತ್ತ ಇಳಿಸಿದರು. ಅಲ್ಲಿಂದ ಸಮವಸ್ತ್ರದಲ್ಲೇ ತರಗತಿಗೆ ಬಂದು ಬಾಗಿಲಲ್ಲಿ ನಿಂತರು. ಗುಂಡಕ್ಕ ಆ ಮುಖ ನೋಡಿ, "ಊಟ ಆಯ್ತಾ?" ಎಂದರು. ಇಲ್ಲವೆಂದು ತಲೆಯಾಡಿತು. ತಮ್ಮ ಬುತ್ತಿಯನ್ನು ಬಿಚ್ಚಿ ಅವರ ಮುಂದಿಟ್ಟು, ಸೀಟಿಯನ್ನು ಅತ್ತೆಯ ಕೈಗೆ ಕೊಟ್ಟು, ಆಕೆ ಅತ್ತು ಉಂಡು ಮುಗಿಸುವವರೆಗೂ ಪಕ್ಕದಲ್ಲೇ ಕುಳಿತರು.

ಆ ಸಿಸ್ಟರ್ ಇಂದು ಅದೇ ವಾರ್ಡಿನ ಮುಖ್ಯ ದಾದಿ. ಗುಂಡಕ್ಕನವರಿಗೆ ಇನ್ನು ವಿಶ್ರಾಂತಿಯೆಂದು ಆಸ್ಪತ್ರೆ ಹೇಳುತ್ತಿರುವಾಗ, ಅತ್ತೆ ತಮ್ಮ ಬೀದಿಯ ಅಜ್ಜಿಯಂದಿರನ್ನು ಕಲೆಹಾಕಿ ತಮ್ಮ ಮನೆಯ ಮಹಡಿಯನ್ನು ತರಗತಿಗೆಂದು ಖಾಲಿಮಾಡಿಸಿದ್ದಾರೆ. "ರಿಟೈರ್ ಆಗಿರೋದು ಆಸ್ಪತ್ರೆಗೆ, ನಮಗಲ್ಲ," ಎಂಬುದು ಅವರ ವಾದ. ಆ ಮಹಡಿಯ ಮೆಟ್ಟಿಲನ್ನು ಗುಂಡಕ್ಕನವರು ಗಟ್ಟಿ ಮೊಣಕಾಲುಗಳಲ್ಲಿ ಬಹುಕಾಲ ಹತ್ತುತ್ತಿರಲಿ; ಮೇಲೆ ಅವರಿಗಾಗಿ ಕಾದವರು ಸದಾ ಇರಲಿ.